ಹಣಕಾಸು ಯೋಜನೆಯ ಸ್ನಾತಕೋತ್ತರ ಪದವಿಯನ್ನು ಆನ್‌ಲೈನ್‌ನಲ್ಲಿ ಓದಬಹುದೇ?

ಪರ: ರಾತ್ರಿ ಓದಿದ್ದು ಬೆಳಿಗ್ಗೆ ಕೆಲಸಕ್ಕೆ ಬರುತ್ತದೆ

ಹಣಕಾಸು ಯೋಜನೆಯನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದಲು ಬರುವವರು ಆಗಷ್ಟೇ ಪದವಿ ಮುಗಿಸಿದ ಎಳೆಯರು ಮಾತ್ರವಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತವರು, ವಿಮೆ ಮಾಡಿಸುವವರು, ತೆರಿಗೆಯ ಲೆಕ್ಕ ಬರೆಯುವವರು, ಅಂದರೆ ದಿನಾಲೂ ಇನ್ನೊಬ್ಬರ ಉಳಿತಾಯ, ಸಾಲ, ಮಕ್ಕಳ ಓದಿನ ಖರ್ಚುಗಳ ನಡುವೆಯೇ ಇರುವವರು ಈ ಓದಿಗೆ ಬರುತ್ತಾರೆ. ಅಂಥವರಿಗೆ ಕೆಲಸ ಬಿಟ್ಟು ಬಂದು ಎರಡು ವರ್ಷ ತರಗತಿಯಲ್ಲಿ ಕೂರಿ ಎನ್ನುವುದೂ ಓದಲೇಬೇಡಿ ಎನ್ನುವುದೂ ಒಂದೇ. ನಾನು 11 ವರ್ಷ ವಿಮಾ ಪಾಲಿಸಿಗಳನ್ನು ಮಾರಿ, ಆಮೇಲೆ ಆನ್‌ಲೈನ್‌ನಲ್ಲಿ ಈ ಪದವಿ ಪಡೆದವಳು.

ನಿವೃತ್ತಿ ಯೋಜನೆಯ ಪಾಠ ನಡೆಯುತ್ತಿದ್ದ ವಾರ, ಸದ್ಯದಲ್ಲೇ ನಿವೃತ್ತರಾಗಲಿದ್ದ ಗ್ರಾಹಕರೊಬ್ಬರಿಗೆ ಸರಾಸರಿ ಪ್ರತಿಫಲವನ್ನು ಹಿಡಿದು ನಾನೊಂದು ಲೆಕ್ಕ ಮಾಡಿಟ್ಟಿದ್ದೆ. ಆ ರಾತ್ರಿ ಅಧ್ಯಾಪಕರು 100ರ ಇಡಿಗಂಟೊಂದನ್ನು ಉದಾಹರಣೆಗೆ ತೆಗೆದುಕೊಂಡರು. ಪ್ರತಿ ವರ್ಷದ ಕೊನೆಗೆ ಅದರಿಂದ 10 ತೆಗೆಯಬೇಕು. ಮೊದಲ ವರ್ಷ ಶೇ. 25 ಏರಿಕೆ, ಎರಡನೆಯ ವರ್ಷ ಶೇ. 10 ಏರಿಕೆ, ಮೂರನೆಯ ವರ್ಷ ಶೇ. 20 ಇಳಿಕೆಯಾದರೆ ಕೊನೆಗೆ 83.20 ಉಳಿಯುತ್ತದೆ. ಅವೇ ಮೂರು ಪ್ರತಿಫಲಗಳು ತಿರುಗುಮುರುಗಾಗಿ, ಇಳಿಕೆಯೇ ಮೊದಲು ಬಂದರೆ, ಉಳಿಯುವುದು 73.75. ಹಣ ತೆಗೆಯದೆ ಬಿಟ್ಟಿದ್ದರೆ ಎರಡು ಲೆಕ್ಕದಲ್ಲೂ 110 ಆಗುತ್ತಿತ್ತು. ಸರಾಸರಿ ಒಂದೇ ಆಗಿದ್ದರೂ ನಿವೃತ್ತರಾದವರಿಗೆ ನಷ್ಟದ ವರ್ಷ ಯಾವಾಗ ಬಂತೆಂಬುದೇ ದೊಡ್ಡ ಪ್ರಶ್ನೆಯೆಂದು ನನಗೆ ಆ ರಾತ್ರಿ ಅರ್ಥವಾಯಿತು. ಪಾಠವನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ, ಪಕ್ಕದಲ್ಲೇ ಸ್ಪ್ರೆಡ್‌ಶೀಟ್ ತೆರೆದು ನನ್ನ ಗ್ರಾಹಕರ ಲೆಕ್ಕಕ್ಕೆ ಅದನ್ನು ಹೊಂದಿಸಿದೆ. ಬೆಳಿಗ್ಗೆ ಅವರಿಗೆ ಫೋನ್ ಮಾಡಿ, ನಾನು ಕೊಟ್ಟ ಯೋಜನೆಯಲ್ಲಿ ತಪ್ಪಿದೆ, ಮೊದಲ ಕೆಲವು ವರ್ಷಗಳ ಖರ್ಚಿನ ಹಣವನ್ನು ಷೇರುಗಳಿಂದ ಹೊರಗಿಡೋಣ ಎಂದು ಹೇಳಿದೆ. ತರಗತಿಯಲ್ಲಿ ಕೂತು ಕೇಳಿದ್ದರೆ ಇದು ಪರೀಕ್ಷೆಗೆ ಬರುವ ಒಂದು ಪ್ರಶ್ನೆಯಾಗಿ ಉಳಿಯುತ್ತಿತ್ತೇ ಹೊರತು, ಮರುದಿನ ಮಾಡಬೇಕಾದ ಫೋನ್ ಆಗುತ್ತಿರಲಿಲ್ಲ.

ಉಯಿಲಿನ ಪಾಠದಲ್ಲೂ ಹೀಗೆಯೇ ಆಯಿತು, ತೆರಿಗೆಯ ಪಾಠದಲ್ಲೂ ಹೀಗೆಯೇ. ರಾತ್ರಿ ಓದಿದ್ದು ಬೆಳಿಗ್ಗೆ ಕೆಲಸಕ್ಕೆ ಬರುತ್ತದೆ ಎಂಬುದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಏಕೆಂದರೆ ಈ ವಿದ್ಯೆಗೆ ಅದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ.

ಎದುರು ಪಕ್ಷದವರು ಬೆಂಚು, ಕಪ್ಪುಹಲಗೆ, ಹಾಜರಿ ಪುಸ್ತಕ ಇವಿಷ್ಟಿದ್ದರೆ ಮಾತ್ರ ಓದು ಎಂದು ನಂಬಿದಂತೆ ಕಾಣುತ್ತದೆ. ಲಂಡನ್ ವಿಶ್ವವಿದ್ಯಾಲಯವು 1858ರಷ್ಟು ಹಿಂದೆಯೇ ತನ್ನ ಕಾಲೇಜುಗಳಿಗೆ ಬಾರದೆ ಓದಿದವರಿಗೂ ಪದವಿ ಪರೀಕ್ಷೆಗಳನ್ನು ತೆರೆದಿಟ್ಟಿತು. ಹಣಕಾಸು ಯೋಜನೆಯೆಂಬ ವೃತ್ತಿಯಂತೂ ದುಡಿಯುವವರೇ ಕಟ್ಟಿಕೊಂಡದ್ದು. 1969ರ ಡಿಸೆಂಬರಿನಲ್ಲಿ ಶಿಕಾಗೋದಲ್ಲಿ 13 ಮಂದಿ ಸೇರಿ ಇದಕ್ಕೊಂದು ಶಿಸ್ತು ಬೇಕೆಂದು ತೀರ್ಮಾನಿಸಿದರು. 1973ರಲ್ಲಿ ಮೊದಲ ತಂಡದ 42 ಮಂದಿ ಸರ್ಟಿಫೈಡ್ ಫೈನಾನ್ಶಿಯಲ್ ಪ್ಲಾನರ್ ಎಂಬ ಮನ್ನಣೆ ಪಡೆದರು. ಹೀಗೆ ಹುಟ್ಟಿದ ವಿದ್ಯೆಯನ್ನು ಕೆಲಸ ಬಿಡಲಾರದವರ ಕೈಗೆ ಸಿಗದಂತೆ ಮಾಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ವಿರೋಧ: ಎದುರಿಗೆ ಕೂತವರನ್ನು ಓದುವುದು ಹೇಗೆ?

ಈ ಪಕ್ಷವನ್ನು ವಾದಿಸುವಂತೆ ನನ್ನನ್ನು ಕೇಳಲಾಯಿತು. ಚಕ್ರಬಡ್ಡಿ, ಹಣದುಬ್ಬರ, ಹೂಡಿಕೆಯ ಹಂಚಿಕೆ ಮುಂತಾದ ಲೆಕ್ಕದ ಭಾಗವನ್ನು ಮನೆಯಲ್ಲಿ ಕೂತೇ ಚೆನ್ನಾಗಿ ಕಲಿಯಬಹುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕಲಿಯುವವರಿಗೆ ಬಿಡುವು ಸಿಗುವುದಿಲ್ಲ ಎಂಬುದೂ ನಿಜವಿರಬಹುದು. ಆದರೆ ಅದು ಅನುಕೂಲದ ಮಾತು, ಕಲಿಕೆಯ ಗುಣಮಟ್ಟದ ಮಾತಲ್ಲ.

ಹಣಕಾಸು ಯೋಜನೆಯ ಕ್ರಮವನ್ನು ಸಾಮಾನ್ಯವಾಗಿ ಆರು ಹಂತಗಳಲ್ಲಿ ಹೇಳುತ್ತಾರೆ. ಗ್ರಾಹಕರೊಂದಿಗೆ ಸಂಬಂಧ ಏರ್ಪಡಿಸಿಕೊಳ್ಳುವುದು ಮೊದಲನೆಯದು, ಅವರ ಮಾಹಿತಿ ಸಂಗ್ರಹಿಸುವುದು ಎರಡನೆಯದು. ಲೆಕ್ಕ ಶುರುವಾಗುವುದು ಅದಾದ ಮೇಲೆ. ಮೊದಲ ಎರಡು ಹಂತಗಳಲ್ಲಿ ತಪ್ಪಿದವನ ಲೆಕ್ಕ ಎಷ್ಟು ನಿಖರವಾಗಿದ್ದರೂ ಅದು ಬೇರೆ ಯಾರದೋ ಬದುಕಿನ ಲೆಕ್ಕವಾಗಿರುತ್ತದೆ.

ನಾನು ವಿದ್ಯಾರ್ಥಿಯಾಗಿದ್ದಾಗ ತರಗತಿಯಲ್ಲಿ ಅಣಕು ಸಂದರ್ಶನಗಳು ನಡೆಯುತ್ತಿದ್ದವು. ಒಮ್ಮೆ ಸಹಪಾಠಿಗಳಿಬ್ಬರು ಗಂಡ ಹೆಂಡತಿಯಾಗಿ ನನ್ನೆದುರು ಕೂತರು. ಆದಾಯ, ಮನೆಸಾಲ, ವಿಮೆ ಎಲ್ಲದಕ್ಕೂ ಗಂಡನೇ ಉತ್ತರ ಕೊಟ್ಟ. ಹೆಂಡತಿಯ ಪಾತ್ರದವಳು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕುತ್ತ, ತೆಗೆದು ಹಾಕುತ್ತ ಕೂತಿದ್ದಳು. ನಾನು ಅರ್ಜಿಯ ಒಂದು ಕಾಲಮನ್ನೂ ಖಾಲಿ ಬಿಡದೆ ತುಂಬಿಸಿ, ಸಂತೋಷದಿಂದಲೇ ಎದ್ದು ನಿಂತೆ. ಹಿಂದೆ ಕೂತಿದ್ದ ಮೇಷ್ಟರು, “ಆಕೆಯನ್ನು ನೀವು ಏನು ಕೇಳಿದಿರಿ?” ಎಂದರು. ನಾನು ಏನನ್ನೂ ಕೇಳಿರಲಿಲ್ಲ. ಆಕೆಗೆ ಕೊಟ್ಟಿದ್ದ ಚೀಟಿಯನ್ನು ಅವರು ಓದಿ ಹೇಳಿದರು: ತಮ್ಮನ ಸಾಲವೊಂದಕ್ಕೆ ಆಕೆ ಜಾಮೀನು ಹಾಕಿದ್ದಾಳೆ, ಗಂಡನಿಗೆ ತಿಳಿದಿಲ್ಲ, ತನ್ನನ್ನೇ ನೇರವಾಗಿ ಕೇಳಿದರೆ ಮಾತ್ರ ಬಾಯಿಬಿಡಬೇಕು. ನನ್ನ ತುಂಬಿದ ಅರ್ಜಿಯಲ್ಲಿ ಆ ಮನೆಯ ಅತಿ ದೊಡ್ಡ ಅಪಾಯವೇ ಇರಲಿಲ್ಲ. ಮೇಷ್ಟರು ಬೈಯಲಿಲ್ಲ. ಮತ್ತೊಮ್ಮೆ ಕೂರಿಸಿದರು, ಈ ಸಲ ಬರೆದುಕೊಳ್ಳಲು ಕಾಗದವನ್ನೇ ಕೊಡಲಿಲ್ಲ.

ಇಂದಿಗೂ ಗ್ರಾಹಕರ ಮುಂದೆ ಕೂತಾಗ ನನ್ನ ಕಣ್ಣು ಮೊದಲು ಹೋಗುವುದು ಮಾತಾಡದವರ ಕೈಗಳ ಕಡೆಗೆ. ಪರದೆಯ ಮೇಲೆ ಮುಖಗಳು ಚೌಕಗಳೊಳಗೆ ಕಾಣುತ್ತವೆ, ಕೈಗಳು ಕಾಣುವುದಿಲ್ಲ. ಹಿಂದೆ ಕೂತು ನೋಡುವ ಮೇಷ್ಟರಿಗೂ ಅಲ್ಲಿ ಜಾಗವಿಲ್ಲ.

ಆನ್‌ಲೈನ್‌ನಲ್ಲಿ ಕಲಿಸುವವರು ವರ್ಷಕ್ಕೆ ಎರಡು ವಾರವಾದರೂ ವಿದ್ಯಾರ್ಥಿಗಳನ್ನು ಒಂದೆಡೆ ಕರೆಸಿ ಇಂಥ ಸಂದರ್ಶನಗಳನ್ನು ಮಾಡಿಸುವುದಾದರೆ ನನ್ನ ಆಕ್ಷೇಪದಲ್ಲಿ ಅರ್ಧ ಕಡಿಮೆಯಾಗುತ್ತದೆ. ಹಾಗೆ ಕರೆಸದೆ ಕೊಡುವ ಪದವಿಯನ್ನು ಹಿಡಿದು ಬಂದವರಿಗೆ, ನಾನಾದರೆ ಮೊದಲ ವರ್ಷ ಗ್ರಾಹಕರೊಂದಿಗೆ ಒಬ್ಬರೇ ಕೂರಲು ಬಿಡುವುದಿಲ್ಲ.