ಇಳಕಲ್ ಹತ್ತಿರ ಒಬ್ಬರೇ ಕೂತಿದ್ದ ಲಾರಿ ಡ್ರೈವರ್

2024ರ ಜನವರಿ 3. ಹೊಸಪೇಟೆಯಿಂದ ವಿಜಯಪುರಕ್ಕೆ ಹೊರಟಿದ್ದೆ. ಇಳಕಲ್ ಹತ್ತಿರ ರಸ್ತೆ ಪಕ್ಕ ಗ್ರಾನೈಟ್ ಕಲ್ಲು ಹೇರಿದ ಲಾರಿಯೊಂದು ನಿಂತಿತ್ತು. ಗಾಲಿಗೆ ಕಲ್ಲು ಕೊಟ್ಟಿದ್ದರು. ಮುಂದೆ ಗೋಣಿಚೀಲ ಹಾಸಿಕೊಂಡು ಐವತ್ತರ ಆಸುಪಾಸಿನ ಡ್ರೈವರ್ ಒಬ್ಬರೇ ಕೂತಿದ್ದರು. ಕೈಯಲ್ಲೊಂದು ರಟ್ಟು. ‘10 ವರ್ಷ ಜೈಲಾದ್ರ ನನ್ನ ಮಕ್ಕಳ ಗತಿ ಏನು’ ಅಂತ ಬರೆದಿದ್ದರು. ಜಾಗ ಸಾಲದೆ ಕೊನೆಯ ಅಕ್ಷರಗಳು ಅಂಚಿಗೆ ಒತ್ತಿಕೊಂಡಿದ್ದವು.

ಗುದ್ದಿ ಜೀವ ತೆಗೆದು ಓಡಿದರೆ 10 ವರ್ಷದವರೆಗೆ ಜೈಲು ಅನ್ನುವ ಹೊಸ ಕಲಂ ವಿರುದ್ಧ ಲಾರಿ ಡ್ರೈವರ್‌ಗಳು ಹೂಡಿದ್ದ ಮುಷ್ಕರ ಹಿಂದಿನ ರಾತ್ರಿಯೇ ತಣ್ಣಗಾಗಿತ್ತು. ಲಾರಿ ಸಂಘದವರನ್ನು ಕೇಳಿಯೇ ಆ ಕಲಂ ಜಾರಿ ಮಾಡ್ತೀವಿ ಅಂತ ಕೇಂದ್ರ ಗೃಹ ಕಾರ್ಯದರ್ಶಿ ಹೇಳಿದ್ದರು. ಬೇರೆ ಗಾಡಿಗಳು ಓಡಾಡುತ್ತಿದ್ದವು.

“ಯಾಕಣ್ಣಾ, ಒಬ್ರೇ ಕೂತಿದ್ದೀರಿ?” ಅಂದೆ.

“ಬರದು ಕೊಟ್ಟಾರೇನ್ರೀ? ಬಾಯಿಮಾತು” ಅಂದರು.

ಪಕ್ಕದ ಅಂಗಡಿಯಿಂದ ಟೀ ತಂದುಕೊಟ್ಟೆ. ಎಡಗೈಲಿ ತಗೊಂಡರು. ಬಲ ಮೊಣಕೈ ನೆಟ್ಟಗಾಗುತ್ತಿರಲಿಲ್ಲ. “ಬೈಕಿನಾವ ಬಂದು ಬಡದಿದ್ದ. ಎತ್ತಾಕ ಇಳದೆ. ಮಂದಿ ಹಿಡದು ಹೊಡದ್ರು. ಇನ್ನೊಮ್ಮೆ ಹಂಗಾದ್ರ ನಿಲ್ಲಲೋ, ಓಡಲೋ? ನೀವ ಹೇಳ್ರಿ.”

ನನಗೆ ಬಾಯಿ ಬರಲಿಲ್ಲ.

ಗುದ್ದಿ, ಸಾಯಲಿ ಅಂತ ಬಿಟ್ಟು ಓಡುವವರಿಗೆ ಶಿಕ್ಷೆ ಆಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಂನಲ್ಲಿ ಇದ್ದದ್ದು ಹೆಚ್ಚೆಂದರೆ 2 ವರ್ಷ. ಜೀವ ಕಳೆದುಕೊಂಡ ಮನೆಯವರಿಗೆ ಅದು ಏನೇನೂ ಅಲ್ಲ. ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಂ ಪ್ರಕಾರ, ಅಡ್ಡಾದಿಡ್ಡಿ ಓಡಿಸಿ ಜೀವ ತೆಗೆದು, ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ತಪ್ಪಿಸಿಕೊಂಡರೆ 10 ವರ್ಷದವರೆಗೆ ಜೈಲು. ತಿಳಿಸಿದರೆ ಈ ಕಲಂ ಬರಲ್ಲ, 5 ವರ್ಷದವರೆಗಿನ ಇನ್ನೊಂದು ಬರುತ್ತೆ. ಈ ವ್ಯತ್ಯಾಸವನ್ನು ಆ ಡ್ರೈವರ್‌ಗೆ ಯಾರೂ ಹೇಳಿರಲಿಲ್ಲ. 7 ಲಕ್ಷ ದಂಡ ಅಂತ ವಾಟ್ಸಾಪ್‌ನಲ್ಲಿ ಬಂದದ್ದನ್ನೇ ನಂಬಿದ್ದರು. ಕಲಂನಲ್ಲಿ ದಂಡ ಅಂತಿದೆ, ಆ ಮೊತ್ತ ಇಲ್ಲ.

ಆದರೂ ಅವರ ಪ್ರಶ್ನೆ ಸರಿಯಾದದ್ದೇ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಓದಿ ನೋಡಿ. ಗಾಯಗೊಂಡವರನ್ನು ಡ್ರೈವರೇ ಆಸ್ಪತ್ರೆಗೆ ಸೇರಿಸಬೇಕು, ಆದರೆ ಗುಂಪಿನ ಸಿಟ್ಟಿನಿಂದ ಅದು ಆಗದಿದ್ದರೆ ವಿನಾಯಿತಿ ಅಂತ ಅದರಲ್ಲೇ ಇದೆ. ರಸ್ತೆಯಲ್ಲಿ ಏನಾಗುತ್ತೆ ಅಂತ ಅದನ್ನು ಬರೆದವರಿಗೆ ಗೊತ್ತಿತ್ತು ಅಲ್ವಾ? 106(2)ರಲ್ಲಿ ಆ ಮಾತೇ ಇಲ್ಲ. ಹೊಡೆಯುವ ಗುಂಪು ಅಂದರೆ ಬೇರೆ ಯಾರೂ ಅಲ್ಲ, ನಾವೇ. ಬೈಕು, ಲಾರಿ ಗುದ್ದಿಕೊಂಡರೆ ತಪ್ಪು ಲಾರಿಯದ್ದೇ ಅಂತ ನಿಂತಲ್ಲೇ ತೀರ್ಪು ಕೊಡುವವರೂ ನಾವೇ.

2024ರ ಜುಲೈ 1ಕ್ಕೆ ಹೊಸ ಸಂಹಿತೆ ಜಾರಿಗೆ ಬಂತು. 106(2) ಒಂದನ್ನು ಮಾತ್ರ ತಡೆಹಿಡಿದರು. ಸುದ್ದಿ ಓದಿದಾಗ ಆ ಮೊಣಕೈ ನೆನಪಾಯಿತು. ಕಲಂ ಜಾರಿ ಮಾಡುವುದಾದರೆ 134ರಲ್ಲಿರುವ ಆ ವಿನಾಯಿತಿಯನ್ನೂ ಸೇರಿಸಿ ಮಾಡಲಿ. ಅವರು ಕೇಳಿದ್ದೂ ಅದನ್ನೇ, ಬರೆದು ಕೊಡಿ ಅಂತ.