ಸೋಮವಾರದ ಒಪ್ಪತ್ತು, ಅಮೆರಿಕದ ಗೋಧಿ

1965ರ ಭಾರತ-ಪಾಕಿಸ್ತಾನ ಯುದ್ಧದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಬರೀ ಗಡಿಯ ಕಥೆ ಬಂತು, ಅಡುಗೆಮನೆಯ ಕಥೆ ಬಿಟ್ಟುಹೋಯ್ತು ಅಲ್ವಾ? ನಮ್ಮದು ತುಮಕೂರು ಕಡೆ ಹಳ್ಳಿ, ನಾನಾಗ ಪ್ರೈಮರಿ ಸ್ಕೂಲು. ಆಗಿನ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರೀಜಿ ಧಾನ್ಯ ಉಳಿಸೋಕೆ ಸೋಮವಾರ ರಾತ್ರಿ ಊಟ ಬಿಡಿ ಅಂದಿದ್ದೇ ತಡ, ಅಪ್ಪ ಅದನ್ನು ಏಕಾದಶಿಗಿಂತ ಕಟ್ಟುನಿಟ್ಟಾಗಿ ಹಿಡಿದರು. ಅಜ್ಜಿ ಮಾತ್ರ ನಮ್ಮನ್ನು ಸುಮ್ನೆ ಹಿತ್ತಲಿಗೆ ಕರೆದು ಮಜ್ಜಿಗೆ ಅವಲಕ್ಕಿ ಕೊಡುತ್ತಿದ್ದಳು.

ಯುದ್ಧ ಮುಗಿದ ಮೇಲೆ ಕಷ್ಟ ಇನ್ನೂ ಜಾಸ್ತಿಯಾಯ್ತು. ಮಳೆಯೂ ಕೈಕೊಟ್ಟಿತು, ಪಿ.ಎಲ್. 480 ಅನ್ನೋ ಆಹಾರ ನೆರವಿನ ಒಪ್ಪಂದದಲ್ಲಿ ಬಂದ ಅಮೆರಿಕದ ಗೋಧಿಯೇ ರೇಷನ್‌ನಲ್ಲಿ ಗತಿ. ಮುದ್ದೆ ತಿನ್ನುವ ಊರಿಗೆ ಗೋಧಿ! ಅಮ್ಮನಿಗೆ ಚಪಾತಿ ಲಟ್ಟಿಸಲು ಬರುತ್ತಿರಲಿಲ್ಲ, ಅದನ್ನು ಬೀಸಿ ರಾಗಿಹಿಟ್ಟಿಗೆ ಬೆರೆಸಿ ಮುದ್ದೆ ತಿರುವಿದಳು, ಅದೋ ಕೈಗೆ ಅಂಟಿದ್ದು ಬಿಡುತ್ತಲೇ ಇರಲಿಲ್ಲ. ಸ್ಕೂಲಲ್ಲಿ ಕೇರ್ ಅನ್ನೋ ಅಮೆರಿಕದ ನೆರವು ಸಂಸ್ಥೆಯ ಹಳದಿ ಉಪ್ಪಿಟ್ಟು, ಹಾಲಿನ ಪುಡಿ. ಪುಡಿಯನ್ನು ಹಾಗೇ ಬಾಯಿಗೆ ಸುರಿದುಕೊಂಡರೆ ಅಂಗುಳಕ್ಕೆ ಮೆತ್ತಿಕೊಳ್ಳುತ್ತಿತ್ತು, ನಾಲಿಗೆಯಲ್ಲಿ ಕೆರೆದು ಕೆರೆದು ತಿನ್ನುವ ಮಜಾನೇ ಬೇರೆ.

1966ರ ಜೂನ್‌ನಲ್ಲಿ ರೂಪಾಯಿ ಬೆಲೆ ಬೇರೆ ಇಳಿಸಿದರು, ಒಂದು ಡಾಲರ್ 4.76 ರೂಪಾಯಿಯಿಂದ 7.50ಕ್ಕೆ ಹೋಯ್ತು. ಮುಂದಿನ ಭಾಗ ಬರೆಯುವುದಾದರೆ ಇದೆಲ್ಲ ಸೇರಿಸಿ ಸಾರ್. ಟ್ಯಾಂಕಿನ ಲೆಕ್ಕ ಎಲ್ಲರೂ ಬರೆದಿದ್ದಾರೆ.