ಧಣಿ, ಇನ್ನೊಮ್ಮೆ ಕಾರಿನಿಂದ ಇಳಿಯಿರಿ

ರಾಯಚೂರು ಜಿಲ್ಲೆಯಲ್ಲಿ ಬರ, ನೆರೆ ಯಾವುದಕ್ಕೂ ಜಗ್ಗದೆ ಬೆಳೆಯುತ್ತಿರುವ ಕಸುಬು ಒಂದಿದೆ: ಮುಖಂಡರ ಹುಟ್ಟುಹಬ್ಬದ ಹಾಡಿಗೆ ವಿಡಿಯೋ ಮಾಡುವುದು. ಹತ್ತಿಯ ದರ ಬೀಳಬಹುದು, ಭತ್ತಕ್ಕೆ ನೀರು ಸಿಗದೆ ಹೋಗಬಹುದು. ಮುಖಂಡರು ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಹುಟ್ಟುತ್ತಾರೆ.

ನಮ್ಮ ನಿರ್ದೇಶಕ ಈ ದಾರಿಗೆ ನೇರವಾಗಿ ಬಂದವನಲ್ಲ. ಮೊದಲು ಮದುವೆಗಳಲ್ಲಿ ಕ್ಯಾಮೆರಾ ಹಿಡಿದ. ಆಮೇಲೆ ಜಾನಪದ ಆಲ್ಬಂ ಎಂದು ಟ್ರ್ಯಾಕ್ಟರ್ ಮೇಲೆ ನಾಯಕನನ್ನೂ ಜೋಳದ ಹೊಲದಲ್ಲಿ ನಾಯಕಿಯನ್ನೂ ನಿಲ್ಲಿಸಿ ಯೂಟ್ಯೂಬ್‌ಗೆ ಬಿಟ್ಟ. ಅಲ್ಲಿ ಜಾಹೀರಾತಿನ ಕಾಸು ಕಾಣಬೇಕಾದರೆ 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಊರವರೆಲ್ಲ ನೋಡಿದರು, ಒಂದೇ ಮೊಬೈಲಿನಲ್ಲಿ. ಕೊನೆಗೆ ಯಾರೋ ಪುಣ್ಯಾತ್ಮರು ಅವನನ್ನು ಒಬ್ಬ ಯುವ ಮುಖಂಡರ ಮನೆಗೆ ಕರೆದೊಯ್ದರು. ಅಲ್ಲಿಗೆ ಕಲೆ ಮುಗಿದು ವೃತ್ತಿ ಶುರುವಾಯಿತು.

ಅಮೆರಿಕದಲ್ಲಿ ಹಾಡಿನ ವಿಡಿಯೋಗಳಿಗೆಂದೇ ಎಂಟಿವಿ ಎಂಬ ಟಿವಿ ವಾಹಿನಿ ಆರಂಭವಾದದ್ದು 1981ರ ಆಗಸ್ಟ್ 1ರಂದು. ಹಾಡಿನ ವಿಡಿಯೋ ಮಾಡಿದವನ ಹೆಸರನ್ನೂ ತೆರೆಯ ಮೇಲೆ ಹಾಕಬೇಕೆಂದು ಅವರಿಗೆ ತೋಚಿದ್ದು 1992ರಲ್ಲಿ. ಇಂಥ ವಿಡಿಯೋಗಳಲ್ಲೇ ಪಳಗಿದ ಡೇವಿಡ್ ಫಿಂಚರ್ ನಿರ್ದೇಶಿಸಿದ ಮೊದಲ ಸಿನಿಮಾ ತೆರೆಕಂಡದ್ದೂ ಅದೇ ವರ್ಷ. ನಮ್ಮಲ್ಲಿ ನಿರ್ದೇಶಕನ ಹೆಸರಿಗೆ ಸರದಿ ಬರುವುದು ‘ಶುಭ ಕೋರುವವರು’ ಮುಗಿದ ಮೇಲೆ. ಅವರು ಮುಗಿಯುವುದೇ ಇಲ್ಲ. ವಾರ್ಡಿನ ಅಧ್ಯಕ್ಷರು, ಉಪಾಧ್ಯಕ್ಷರು, ಮಾಜಿ ಉಪಾಧ್ಯಕ್ಷರು, ಮುಂದೆ ಉಪಾಧ್ಯಕ್ಷರಾಗಲಿರುವವರು, ಎಲ್ಲರೂ ಒಂದು ಕೈಯಲ್ಲಿ ಮೊಬೈಲ್ ಕಿವಿಗಿಟ್ಟುಕೊಂಡೇ ಶುಭ ಕೋರುತ್ತಾರೆ. ಒಬ್ಬರ ಮುಖ ಇನ್ನೊಬ್ಬರದಕ್ಕಿಂತ ಬೆರಳಗಲ ಚಿಕ್ಕದಾಗಿದ್ದಕ್ಕೆ ಬಣ ಎರಡಾದ ಉದಾಹರಣೆಯೂ ಉಂಟು.

ಹಾಡಿನ ವಿಷಯಕ್ಕೆ ಬಂದರೆ, ಅದರ ಕಟ್ಟಳೆ ಪುರಾಣದಷ್ಟೇ ಖಚಿತ. ಬಿಳಿ ಕಾರಿನ ಬಾಗಿಲು ತೆರೆಯಬೇಕು. ಮೊದಲು ಬೂಟು ನೆಲ ಮುಟ್ಟಬೇಕು, ನಿಧಾನಗತಿಯಲ್ಲಿ, ಸುತ್ತ ದೂಳು ಏಳುವಂತೆ. ದೂಳಿಗೆ ನಮ್ಮಲ್ಲಿ ಬೇರೆ ಖರ್ಚಿಲ್ಲ, ರಸ್ತೆಯೇ ಒದಗಿಸುತ್ತದೆ. ಬಳಿಕ ಕಪ್ಪು ಕನ್ನಡಕ, ಮುಗಿದ ಕೈ, ಜೆಸಿಬಿಯಿಂದ ಹೂಮಳೆ, ಕ್ರೇನಿನಲ್ಲಿ ತೂಗುವ ಸೇಬಿನ ಹಾರ. ಹಾರ ಕೆಳಗಿಳಿದ ಮರುಗಳಿಗೆ ಸೇಬಿಗೆ ಮುಗಿಬೀಳುವ ಜನರ ದೃಶ್ಯವನ್ನು ಮಾತ್ರ ‘ಅಭಿಮಾನದ ಅಲೆ’ ಎಂದು ಒಳಗೆ ಸೇರಿಸಲಾಗುತ್ತದೆ. ಆಮೇಲೆ ಡ್ರೋನ್ ಮೇಲೇರುತ್ತದೆ. ಅಷ್ಟೆತ್ತರದಿಂದ ಗುಂಡಿಗಳು ಕಾಣುವುದಿಲ್ಲ, ಒಣಗಿದ ಹೊಲವನ್ನು ಕಂಪ್ಯೂಟರಿನಲ್ಲಿ ಹಸಿರು ಮಾಡಬಹುದು. ನೀರಾವರಿ ಇಲಾಖೆಯ ಕೈಯಲ್ಲಿ ಆಗದ ಕೆಲಸವನ್ನು ಈ ಹುಡುಗ ಒಂದು ರಾತ್ರಿಯಲ್ಲಿ ಮುಗಿಸುತ್ತಾನೆ. ಆ ರಾತ್ರಿ ಕರೆಂಟ್ ಇರಬೇಕು, ಅಷ್ಟೆ. 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರ ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿದೆ. ಅದರ ಬೂದಿ ನಮಗೆ ಸಕಾಲಕ್ಕೆ ತಲುಪುತ್ತದೆ.

ಪ್ರಚಾರದಲ್ಲಿ ಹಿಂದೆ ಬಿದ್ದವರೆಂದರೆ ಅಶೋಕ ಚಕ್ರವರ್ತಿಯೇ ಸರಿ. ಊರೂರಿನ ಬಂಡೆಗಳ ಮೇಲೆ ಶಾಸನ ಕೆತ್ತಿಸಿಯೂ ಹೆಚ್ಚಿನವುಗಳಲ್ಲಿ ‘ದೇವಾನಾಂಪ್ರಿಯ’ ಎಂದಷ್ಟೇ ಬರೆಸಿ ಸುಮ್ಮನಾದ. ಆ ದೇವಾನಾಂಪ್ರಿಯ ಅಶೋಕನೇ ಎಂದು ಖಚಿತವಾಗಲು 1915ರಲ್ಲಿ ನಮ್ಮ ಮಸ್ಕಿಯ ಬಂಡೆ ಬೆಳಕಿಗೆ ಬರಬೇಕಾಯಿತು. ನಮ್ಮ ಮುಖಂಡರ ಹಾಡಿನಲ್ಲಿ ಪಲ್ಲವಿ ಮುಗಿಯುವುದರೊಳಗೆ ಅವರ ಹೆಸರು ಅಡ್ಡಹೆಸರಿನ ಸಮೇತ ಹನ್ನೊಂದು ಬಾರಿ ಬರುತ್ತದೆ. ಉಳಿದದ್ದು ‘ಹುಲಿ’.

ಈ ವೃತ್ತಿಯ ನಿಜವಾದ ಸಂಕಟ ಬೇರೆ. ಹಾಡು ಸಿದ್ಧವಾಗುವ ಹೊತ್ತಿಗೆ ಮುಖಂಡರು ಪಕ್ಷ ಬದಲಿಸಿರುತ್ತಾರೆ. ಮೊದಲ ಸಲ ಹಾಗಾದಾಗ ನಿರ್ದೇಶಕ ಒಂದೊಂದೇ ಚೌಕಟ್ಟು ಹಿಡಿದು ಕೊರಳ ಶಾಲಿನ ಬಣ್ಣ ಬದಲಿಸುತ್ತ ಕೂತ. ಅವರ ಜೊತೆ ಹಿಂದೆ ನಿಂತಿದ್ದ ಒಂದು ಮದುವೆ ದಿಬ್ಬಣವೂ ಪಕ್ಷಾಂತರವಾಯಿತು. ಕೆಲಸ ಮುಗಿಸಿ ದುಡ್ಡು ಕೇಳಿದರೆ ಮುಖಂಡರ ಆಪ್ತ, ‘ಅದನ್ನು ಹಳೆಯ ಪಕ್ಷದಲ್ಲಿದ್ದಾಗ ಹೇಳಿದ್ದಲ್ಲವೇ?’ ಎಂದ. ಈ ವಾದವನ್ನು ಯಾವ ಕಾನೂನು ಕಾಲೇಜಿನಲ್ಲಿ ಕಲಿಸುತ್ತಾರೋ ಕಾಣೆ.

ಅಂದಿನಿಂದ ಅವನು ಬುದ್ಧಿವಂತನಾದ. ಹಿನ್ನೆಲೆ ಬದಲಿಸಲು ಸ್ಟುಡಿಯೋದಲ್ಲಿ ಹಸಿರು ಪರದೆ ಕಟ್ಟುತ್ತಾರಲ್ಲ, ಆ ಬಟ್ಟೆಯನ್ನೇ ಹರಿದು ಶಾಲು ಮಾಡಿದ. ಒಮ್ಮೆ ಚಿತ್ರೀಕರಿಸಿದರೆ ಸಾಕು, ಆಮೇಲೆ ಬೇಕಾದ ಪಕ್ಷವನ್ನು ತುಂಬಿಕೊಳ್ಳಬಹುದು.

ಮೊನ್ನೆ ಸಿರವಾರದ ಕಡೆ ಅದೇ ಶಾಲು ಹೊದಿಸಿ ಮುಖಂಡರನ್ನು ಕಾಲುವೆಯ ದಂಡೆಯ ಮೇಲೆ ನಡೆಸುತ್ತಿದ್ದಾಗ ಹತ್ತಿಪ್ಪತ್ತು ರೈತರು ಓಡಿ ಬಂದರು. ಹಸಿರು ಶಾಲು ಕಂಡು, ರೈತ ಸಂಘದ ದೊಡ್ಡವರು ಯಾರೋ ಬಂದಿದ್ದಾರೆ ಎಂದುಕೊಂಡಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಂದಿಲ್ಲ, ಪೈರು ಒಣಗುತ್ತಿದೆ ಎಂಬ ಮನವಿಪತ್ರ ಅವರ ಕೈಯಲ್ಲಿತ್ತು. ಮುಖಂಡರು ಗಾಬರಿಯಿಂದ ನಿರ್ದೇಶಕನತ್ತ ನೋಡಿದರು.

‘ತೆಗೆದುಕೊಳ್ಳಿ ಧಣಿ, ಇಂಥ ಶಾಟ್ ನಮ್ಮಲ್ಲಿರಲಿಲ್ಲ’ ಎಂದ ಅವನು. ರೈತರ ಕಡೆ ತಿರುಗಿ, ‘ಯಜಮಾನರೇ, ಬೆಳಕು ಸಾಲಲಿಲ್ಲ. ಆ ಕಾಗದ ಇಸಿದುಕೊಂಡು ಇನ್ನೊಮ್ಮೆ ಕೊಡಿ. ಈ ಸಲ ಸ್ವಲ್ಪ ಅಳುತ್ತ ಕೊಡಿ’ ಎಂದ.

ಅವರು ಕೊಟ್ಟರು. ನಾಲ್ಕನೆಯ ಟೇಕ್ ಓಕೆಯಾಯಿತು.